ಗ್ವಾಡಿ ಬಾಜೂ ಕುಂತವರು

ಮೊನ್ನೆ ತರಬೇತಿಗೆಂದು ಹುಕ್ಕೇರಿಗೆ ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಕಿಸೆಯಿಂದ ಸಣ್ಣ ಡಬ್ಬಿ ತೆಗೆದು, ಒಂದು ಚಿಟಿಕೆ ತಪಕೀರು ಮೂಗಿಗೇರಿಸಿ ಮುಚ್ಚಳ ಹಾಕಿದರು. ಆ ಘಾಟು ಕಿಟಕಿಯ ಗಾಳಿಯ ಜೊತೆ ಹಿಂದಕ್ಕೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮುಂದಕ್ಕೆ ಬಾಗಿ ಇನ್ನೊಮ್ಮೆ ಉಸಿರೆಳೆದುಕೊಂಡೆ. ನಮ್ಮ ಗಣಿತದ ಸರ್ ಬೋರ್ಡಿನ ಮುಂದೆ ನಿಂತಾಗ ಬರುತ್ತಿದ್ದ ವಾಸನೆ ಅದು. ಬೋರ್ಡಿಗೆ ಬರೆಯುವ ಖಡುವಿನ ಪುಡಿ, ತಪಕೀರು ಎರಡೂ ಕಲೆತು…

ಸರ್ ಕೆಟ್ಟವರಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಮೂಡಲಗಿ ಕಡೆಯ ನಮ್ಮೂರ ಹೈಸ್ಕೂಲಿನಲ್ಲಿ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾನು ಕಾಣೆ. ಬರಿಗೈಯಲ್ಲಿ ಅವರು ಎಳೆದ ವೃತ್ತ ಕೈವಾರ ಇಟ್ಟು ಎಳೆದಂತೆ ಬಂದು ಕೂಡಿಕೊಳ್ಳುತ್ತಿತ್ತು. ಆದರೆ ಅವರಿಗೊಂದು ನಂಬಿಕೆ ಇತ್ತು. ಗಣಿತವೆಂದರೆ ಹಾಡುವವರ ಕಂಠದ ಹಾಗೆ, ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ, ಉಳಿದವರಿಗೆ ಇಲ್ಲ ಎನ್ನುತ್ತಿದ್ದರು. ವರ್ಷದ ಮೊದಲ ಪರೀಕ್ಷೆ ಮುಗಿದ ಕೂಡಲೇ ನಮ್ಮನ್ನು ಎರಡು ಭಾಗ ಮಾಡಿ ಕೂರಿಸುತ್ತಿದ್ದರು. ಗಣಿತ ಬರುವವರು ಕಿಟಕಿಯ ಬದಿಗೆ, ಬೋರ್ಡಿನ ಎದುರಿಗೆ. ಬಾರದವರು ಗೋಡೆಯ ಬದಿಗೆ. ನಾನು ಗೋಡೆಯ ಬದಿಯವಳು.

ಹತ್ತನೆಯ ಇಯತ್ತೆ ಪಾಸಾದ ಮೇಲೆ ವಿಜ್ಞಾನ ತೆಗೆದುಕೊಳ್ಳಬೇಕೆಂದು ನನಗೆ ಆಸೆ. ಅಪ್ಪ ರುಮಾಲು ಸುತ್ತಿಕೊಂಡು, ನನ್ನನ್ನು ಕರೆದುಕೊಂಡು ಸರ್ ಮನೆಗೆ ಹೋದ. ಅವರು ನಮ್ಮಿಬ್ಬರಿಗೂ ಚಹಾ ಕೊಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ಹುಡುಗಿ ಶಾಣ್ಯಾಕಿ ಅದಾಳ್ರಿ. ಆದ್ರ ಗಣಿತ ಎಲ್ಲಾರ ತಲಿಗೂ ಹತ್ತೂದಿಲ್ಲ. ಸುಮ್ನ ಯಾಕ ಕೂಸಿಗೆ ತ್ರಾಸ ಕೊಡ್ತೀರಿ? ಆರ್ಟ್ಸ್ ಹಚ್ಚರಿ.”

ಎಷ್ಟು ಕಕ್ಕುಲಾತಿಯಿಂದ ಹೇಳಿದರೆಂದರೆ, ಅಪ್ಪ ಕೈ ಮುಗಿದು ಎದ್ದುಬಂದ. ಬೈದು ಹೇಳಿದ್ದರೆ ನಾನು ಹಟ ಮಾಡುತ್ತಿದ್ದೆನೇನೋ. ಪ್ರೀತಿಯಿಂದ ಹೇಳಿದ್ದನ್ನು ನಂಬಿಬಿಟ್ಟೆ. ಮುಂದೆ ಮದುವೆಯಾಗಿ, ಗೋಕಾಕದ ಬದಿಯ ಒಂದು ಹಳ್ಳಿ ಸೇರಿ, ಅಲ್ಲಿನ ಅಂಗನವಾಡಿಯಲ್ಲಿ ಕೆಲಸ ಹಿಡಿದ ಮೇಲೂ ಆ ನಂಬಿಕೆ ನನ್ನ ಜೊತೆಗೇ ಇತ್ತು. ಎರಡು ಊರಿನ ನಡುವಿನ ಬಸ್ಸಿನ ವೇಳೆ ಕೂಡಿ ಕಳೆಯಬೇಕಾದರೂ, ನನಗೆ ಲೆಕ್ಕ ಬರೂದಿಲ್ಲ ಎಂದು ಪಕ್ಕದವರ ಮುಖ ನೋಡುತ್ತಿದ್ದೆ.

ನನ್ನ ವಯಸ್ಸು ನಲವತ್ತರ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಸರ್ ಅಂಗನವಾಡಿಯ ಬಾಗಿಲಿಗೆ ಬಂದು ನಿಂತರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈ ಹಿಡಿದುಕೊಂಡು ಅಳುತ್ತಿದ್ದ ಪುಟ್ಟ ಮೊಮ್ಮಗಳು. ಅವರ ಮಗಳು ನಮ್ಮ ಊರ ಆಸ್ಪತ್ರೆಗೆ ನರ್ಸ್ ಆಗಿ ವರ್ಗವಾಗಿ ಬಂದಿದ್ದಳಂತೆ. ನಿವೃತ್ತರಾದ ಸರ್ ಅವಳ ಜೊತೆಗಿದ್ದರು. ಮುಖಕ್ಕಿಂತ ಮೊದಲು ಆ ವಾಸನೆಯಿಂದಲೇ ನನಗೆ ಗುರುತು ಸಿಕ್ಕಿತು. ಅವರಿಗೆ ನನ್ನ ಗುರುತು ಹತ್ತಲಿಲ್ಲ. “ಅಕ್ಕೋರ, ಕೂಸು ಸ್ವಲ್ಪ ಹಟಮಾರಿ ಐತ್ರಿ” ಎಂದರು. ನಾನೂ ಗುರುತು ಹೇಳಿಕೊಳ್ಳದೆ ಕೂಸನ್ನು ಕರೆದುಕೊಳ್ಳಲು ಕೈ ಚಾಚಿದೆ.

ಮೊಮ್ಮಗಳು ಅಜ್ಜನನ್ನು ಬಿಡಲೊಲ್ಲಳು. ಹಾಗಾಗಿ ಅವರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮರುದಿನವೂ ಕೂತರು. ಅದು ರೂಢಿಯಾಯಿತು. ಅವರ ಕಣ್ಣೆದುರು ಒಂದು ಎರಡು ಹೇಳಿಕೊಡುವಾಗ ನನಗೇ ಎಣಿಕೆ ತಪ್ಪುತ್ತಿತ್ತು. ಒಮ್ಮೆ ಅವರು ನಮ್ಮ ಸಹಾಯಕಿಯನ್ನು, ಇಲ್ಲಿ ಈ ಕೂಸುಗಳು ಏನು ಕಲಿಯುತ್ತವೆ, ಉಂಡು ಮಲಗುತ್ತವೆ ಅಷ್ಟೇ ಅಲ್ಲವೇ ಎಂದು ಕೇಳಿದ್ದು ಕಿವಿಗೆ ಬಿತ್ತು. ಅವಳು ಅಕ್ಕಿ ಆರಿಸುತ್ತ, ತಲೆ ಎತ್ತದೆ, “ಉಣ್ಣೂದು ಮಲಗೂದೂ ಕಲೀಬೇಕಲ್ರಿ” ಅಂದಳು.

ಮಳೆ ಮುಗಿದು ಕುರಿಗಾರರು ಊರ ಹೊರಗಿನ ಹೊಲಗಳಲ್ಲಿ ಕುರಿ ತರುಬಿ ಬೀಡುಬಿಡುವ ದಿನಗಳು ಬಂದವು. ಅವರ ಮಕ್ಕಳೂ ಕೆಲವರು ನಮ್ಮಲ್ಲಿಗೆ ಬರುತ್ತಿದ್ದರು. ಒಂದು ದಿನ ಗೋಕಾಕದ ಬಣ್ಣದ ಕಟ್ಟಿಗೆಯ ಆಟಿಕೆ ಹಣ್ಣುಗಳನ್ನು ಚಾಪೆಯ ಮೇಲೆ ಹರವಿ, ಮಾವು ಹೆಚ್ಚೋ ಪೇರಲ ಹೆಚ್ಚೋ ಎಂದು ಮಕ್ಕಳಿಂದ ಎಣಿಕೆ ಮಾಡಿಸುತ್ತಿದ್ದೆ. ಕುರಿಗಾರರ ಒಬ್ಬ ಹುಡುಗಿಗೆ ಎಣಿಕೆ ಐದಾರರಾಚೆ ಹೋಗುತ್ತಿರಲಿಲ್ಲ. ನಿಂತುಬಿಟ್ಟಳು. ಸರ್‌ಗೆ ಏನನಿಸಿತೋ, ಪಡಸಾಲೆಯಿಂದಲೇ ಅವಳನ್ನು ಮಾತಾಡಿಸಿದರು. ಮನೆಯಲ್ಲಿ ಕುರಿ ಎಷ್ಟಿವೆ ಎಂದು ಕೇಳಿದರು. ಬಾಳ ಅದಾವ ಅಂದಳು. ಮರಿ ಎಷ್ಟು ಎಂದರೆ ಅವೂ ಬಾಳ.

“ಈದ ಕುರಿ ಜಾಸ್ತಿ ಅದಾವೋ, ಮರಿ ಜಾಸ್ತಿ ಅದಾವೋ?”

“ಎರಡೂ ಅಷ್ಟಕ್ಕಷ್ಟ ಅದಾವ್ರಿ.”

ಸರ್ ನಕ್ಕರು. “ಎಣಿಸಾಕ ಬರೂದಿಲ್ಲ ನಿನಗ. ಅಷ್ಟಕ್ಕಷ್ಟ ಅಂತ ಹೆಂಗ ಹೇಳ್ತಿ?”

ಇಷ್ಟು ದೊಡ್ಡವರಿಗೆ ಇದೂ ತಿಳಿಯದೇ ಎಂಬಂತೆ ಆ ಕೂಸು ಅವರ ಮುಖ ನೋಡಿತು. “ಸಂಜೀಕ ಮರಿ ಬಿಡ್ತೇವಲ್ರಿ… ಎಲ್ಲಾ ಮರಿಗೂ ಅವ್ವ ಸಿಗ್ತಾಳ. ಯಾವ ಮರಿನೂ ಒದರೂದಿಲ್ಲ, ಯಾವ ಕುರಿನೂ ಒದರೂದಿಲ್ಲ.”

ಸರ್ ತಪಕೀರಿನ ಡಬ್ಬಿ ತೆರೆದಿದ್ದವರು ಹಾಗೇ ಮುಚ್ಚಿದರು. ಎದ್ದು ಹೋಗಿ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತಿದ್ದರು. ಅವರಿಗೆ ಸಿಟ್ಟು ಬಂತೆಂದೇ ನಾನು ತಿಳಿದೆ. ಮರುದಿನ ಬಂದವರು ಕುರ್ಚಿಯ ಮೇಲೆ ಕೂರಲಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಿನ ಮಾತು ಹೇಳಿದರು. ಕೊನೆಯೇ ಇಲ್ಲದ ಸಂಖ್ಯೆಗಳನ್ನು ಎಣಿಸಲು ಆಗುವುದಿಲ್ಲ. ಯಾವುದೂ ಜೋಡಿ ತಪ್ಪಿ ಉಳಿಯದ ಹಾಗೆ ಒಂದಕ್ಕೊಂದು ಜೋಡಿ ಹಚ್ಚಲು ಆಗುತ್ತದೋ ಇಲ್ಲವೋ ನೋಡಬೇಕು. ಎರಡು ಅನಂತಗಳು ಸಮವೋ ಅಲ್ಲವೋ ಎಂದು ತಿಳಿಯುವುದೇ ಹಾಗೆ. “ಅದು ನನಗ ಗೊತ್ತಾಗಬೇಕಾದ್ರ ಒಂದ ಚಳಿಗಾಲ ಹಿಡೀತು. ಆ ಕೂಸು…” ಎಂದವರು ಕುರಿಗಾರರ ಹುಡುಗಿಯ ಕಡೆ ನೋಡಿದರು.

ಆಮೇಲೆ ನನ್ನ ಕಡೆ ತಿರುಗಿ ಮುಖವನ್ನು ದಿಟ್ಟಿಸಿ ನೋಡಿದರು. “ನೀ ನಮ್ಮ ಸಾಲ್ಯಾಗ ಕಲ್ತಾಕೀ ಅಲ್ಲ?”

ಹೌದೆಂದೆ.

“ಎಲ್ಲಿ ಕುಂದರತಿದ್ದಿ?”

“ಗ್ವಾಡಿ ಬಾಜೂ ರಿ, ಸರ.”

ಅವರ ಮುಖ ಇಳಿಯಿತು. ಅಪ್ಪನ ಜೊತೆ ಬಂದು ಚಹಾ ಕುಡಿದು ಹೋದದ್ದೂ ನೆನಪಾಯಿತೋ ಏನೋ. ಕೆಲವು ದಿನ ಬಿಟ್ಟು, ಮಕ್ಕಳು ಮನೆಗೆ ಹೋದ ಮೇಲೆ ನನಗೆ ಗಣಿತ ಹೇಳಿಕೊಡಲೇ ಎಂದು ಕೇಳಿದರು. ಈ ವಯಸ್ಸಿನಲ್ಲಿ ಯಾತಕ್ಕೆ ಎಂದೆ. ಯಾತಕ್ಕೆಂದು ತಮಗೂ ಗೊತ್ತಿಲ್ಲ, ಆದರೆ ಅಂದು ಹೇಳಿದ ಮಾತು ನಿಜವೋ ಸುಳ್ಳೋ ನೋಡಬೇಕಾಗಿದೆ ಎಂದರು. ನನಗೆ ಒಳಗೊಳಗೇ ಉರಿಯಿತು. ಅವರ ಮಾತಿಗೆ ನಾನೇನು ಪರೀಕ್ಷೆಯ ಪದಾರ್ಥವೇ? ಆದರೂ ಒಪ್ಪಿದೆ. ಆ ಉರಿಯಿಂದಲೇ ಒಪ್ಪಿದೆ.

ಶುರುವಾದದ್ದು ಅರ್ಧ, ಕಾಲು, ಮುಕ್ಕಾಲಿನ ಅಪೂರ್ಣಾಂಕಗಳಿಂದ. ಆಮೇಲೆ ಅಂಕಿಗಳ ಜಾಗಕ್ಕೆ ಅಕ್ಷರಗಳು ಬಂದವು, ಆಮೇಲೆ ವಕ್ರರೇಖೆಗಳು. ರೇಖೆಯ ಒಂದೇ ಒಂದು ಬಿಂದುವಿನಲ್ಲಿ ಅದರ ಏರು ಎಷ್ಟು ಎಂಬಲ್ಲಿಗೆ ಬಂದು ನಾನು ಸಿಕ್ಕಿಬಿದ್ದೆ. ಅವರು ಒಂದೇ ಮಾತನ್ನು ಮತ್ತೆ ಮತ್ತೆ, ಇನ್ನಷ್ಟು ಗಟ್ಟಿಯಾಗಿ ಹೇಳಿದರು. ನಾನು ಮತ್ತೆ ಹದಿನಾರರ ಹುಡುಗಿಯಾದೆ. ಕಣ್ಣಲ್ಲಿ ನೀರು ಬಂತು. “ಬಿಡ್ರಿ ಸರ. ನೀವು ಆವತ್ತ ಅಂದಿದ್ದ ಖರೆ ಐತಿ” ಎಂದು ಎದ್ದುಬಿಟ್ಟೆ.

ಅವರು ಕೆಲವು ದಿನ ಬರಲಿಲ್ಲ. ಮೊಮ್ಮಗಳನ್ನು ಮಗಳೇ ಬಿಟ್ಟು ಹೋಗುತ್ತಿದ್ದಳು. ಮುಗಿಯಿತೆಂದುಕೊಂಡೆ. ಒಂದು ಮಧ್ಯಾಹ್ನ ಬಂದರು. ಬಂದವರೇ ನೆಲದ ಮೇಲೆ ಮಂಡಿ ಮಡಚಿ, ಕಷ್ಟಪಟ್ಟು ಕೂತರು.

“ಜೀವಮಾನ ಪೂರ್ತಿ ನಾ ಒಂದ ದಾರಿ ತೋರಿಸೇನಿ. ಆ ದಾರ್ಯಾಗ ನಡದವರನ್ನ ಕಿಟಕಿ ಬಾಜೂ ಕೂಡಿಸಿದೆ, ನಡೀಲಾರದವರನ್ನ ಗ್ವಾಡಿ ಬಾಜೂ ಕೂಡಿಸಿದೆ. ಇನ್ನೊಂದ ದಾರಿ ಐತೇನಂತ ನಾ ಹುಡುಕಲೇ ಇಲ್ಲವ್ವಾ.”

ಹಾಗೆಂದು ನೀರಿನ ಖಾಲಿ ಕೊಡವೊಂದನ್ನು ಅಡ್ಡ ಮಲಗಿಸಿದರು. ಅದರ ಹೊಟ್ಟೆಗುಂಟ ನೆಲದ ಮೇಲೆ ಖಡುವಿನಿಂದ ಗೆರೆ ಎಳೆಯಲು ನನಗೆ ಹೇಳಿದರು. ಕೊಡ ಸರಿಸಿದಾಗ ಬಾಗಿದ ಗೆರೆ ಮೂಡಿತ್ತು. ಕಸಬರಿಗೆಯ ಒಂದು ಕಡ್ಡಿ ಕಿತ್ತು, ಗೆರೆಯನ್ನು ಎರಡು ಕಡೆ ಕೊಯ್ಯುವಂತೆ ಇಡಿಸಿದರು. ಆ ಎರಡು ಜಾಗಗಳನ್ನು ಹತ್ತಿರ ತಾ, ಇನ್ನೂ ಹತ್ತಿರ ತಾ ಎಂದರು. ನನ್ನ ಕೈಯಲ್ಲೇ ಕಡ್ಡಿ ಮೆಲ್ಲಮೆಲ್ಲಗೆ ಹೊರಳಿತು. ಎರಡು ಜಾಗ ಒಂದಾಗಿ, ಕಡ್ಡಿ ಗೆರೆಯನ್ನು ಸವರಿ ನಿಂತಿತು. ಇದೇ ಏರು. ಮುಖ ಎತ್ತಿ ನೋಡಿದರೆ, ಅಕ್ಕಿ ಆರಿಸುತ್ತಿದ್ದ ಸಹಾಯಕಿಯೂ ಕೈ ನಿಲ್ಲಿಸಿ ಆ ಕಡ್ಡಿಯನ್ನೇ ನೋಡುತ್ತಿದ್ದಳು.

ಮುಂದಿನ ಮಳೆಗಾಲದಲ್ಲಿ ಸರ್ ನಮ್ಮನ್ನೆಲ್ಲ ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋದರು. ನಾನು, ಸಹಾಯಕಿ, ಅವರ ಮೊಮ್ಮಗಳು. ಹೊಳೆ ತುಂಬಿ ಬಂದಿತ್ತು. ಕೆಂಪು ನೀರು ಬಂಡೆಯ ಅಂಚಿಗೆ ಬಂದು, ಬಾಗಿ, ಬೀಳುತ್ತಿತ್ತು. ಸುಟ್ಟ ಗೋವಿನಜೋಳದ ತೆನೆ ಕೈಯಲ್ಲಿ ಹಿಡಿದು ನಿಂತಿದ್ದೆವು. ತುಂತುರು ಮುಖಕ್ಕೆ ಬಡಿಯುತ್ತಿತ್ತು. ಸದ್ದಿನಲ್ಲಿ ಕೇಳಿಸಲೆಂದು ಸರ್ ಕಿವಿಯ ಹತ್ತಿರ ಬಾಗಿ ಕೇಳಿದರು. ಅಂಚಿನಲ್ಲಿ ನೀರು ನಿಧಾನ, ಕೆಳಗೆ ಜೋರು. ನಡುವೆ ಆ ಚಾಚಿದ ಕಲ್ಲಿನ ಮುಂದೆ ಹಾಯುವಾಗ, ಆ ಒಂದು ಕ್ಷಣದಲ್ಲಿ, ಅದರ ವೇಗ ಎಷ್ಟು?

“ಒಂದ ಕ್ಷಣದಾಗ ಅದು ಎಲ್ಲಿ ಓಡತೈತ್ರಿ, ಸರ? ನಿಂತಂಗ ಅಲ್ಲೇನ್ರಿ?”

“ಅದ ಪ್ರಶ್ನಿ” ಎಂದು ಕಲ್ಲಿನ ಕಡೆ ಕೈ ತೋರಿಸಿದರು.

ನಾನು ಆ ಕಲ್ಲನ್ನೇ ನೋಡುತ್ತ ನಿಂತೆ. ಕಲ್ಲಿಗಿಂತ ಒಂದಾಳು ಮೇಲಿನಿಂದ ಒಂದಾಳು ಕೆಳಗಿನವರೆಗೆ ಬೀಳಲು ಇಷ್ಟು ಹೊತ್ತು. ಆ ದೂರವನ್ನು ಅರ್ಧ ಮಾಡಿದರೆ ಹೊತ್ತೂ ಸಣ್ಣದಾಗುತ್ತದೆ. ಒಂದು ಗೇಣು ಮಾಡಿದರೆ… ಒಂದು ಬೆರಳಗಲ ಮಾಡಿದರೆ… ಒಮ್ಮೆಲೇ ನನ್ನ ಮೈ ಜುಮ್ಮೆಂದಿತು.

“ಸರ, ತುಂಡು ಸಣ್ಣ ಆಗಕೊಂತ ಇಲ್ಲದಂಗ ಆಗತೈತಿ. ಹೊತ್ತೂ ಇಲ್ಲದಂಗ ಆಗತೈತಿ. ಆದ್ರ ವೇಗ ಇಲ್ಲದಂಗ ಆಗೂದಿಲ್ಲ. ಅದು ಉಳೀತೈತಿ.”

ಅವರು ನನ್ನ ಕಡೆ ನೋಡಲಿಲ್ಲ. ಕಣ್ಣಿನ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ತುಂತುರಿಗೋ, ಬೇರೆ ಯಾತಕ್ಕೋ. ಹುಟ್ಟಿದಾಗಿನಿಂದ ನೋಡಿದ ನೀರು ಅದು. ಆ ದಿನ ಮೊದಲ ಸಲ ನೋಡಿದಂತೆ ನಿಂತೆ. ಬೀಳುವ ಒಂದೊಂದು ಹನಿಯೂ ಒಂದೊಂದು ಕ್ಷಣದಲ್ಲಿ ತನ್ನದೇ ಆದ ಒಂದು ವೇಗ ಹೊತ್ತಿದೆ. ಆ ಹನಿಗೆ ಗೊತ್ತಿಲ್ಲ, ನನಗೆ ಗೊತ್ತು. ಗುಡಿಯಲ್ಲೂ ನನಗೆ ಎಂದೂ ಹಾಗೆ ಆಗಿರಲಿಲ್ಲ.

ಸಹಾಯಕಿಯನ್ನೂ ಸರ್ ಕೇಳಿದರು, ನೀನೂ ಕಲಿಯುತ್ತೀಯಾ ಎಂದು. ನೀರು ಚಂದ ಇದೆ, ನನಗೆ ಅಷ್ಟೇ ಸಾಕು ಎಂದು ಅವಳು ತೆನೆ ತಿನ್ನತೊಡಗಿದಳು. ಅವರು ಬೇಸರಪಡಲಿಲ್ಲ. ಬೇಡ ಅನ್ನುವುದು ಬೇರೆ, ಬರುವುದಿಲ್ಲ ಅನ್ನುವುದು ಬೇರೆ ಎಂದು ನಕ್ಕರು. ಮರಳುವಾಗ ಬಸ್ಸಿನಲ್ಲಿ ನಾನು ಕೇಳಿದೆ, ಹಾಗಾದರೆ ಗಣಿತ ಎಲ್ಲರ ತಲೆಗೂ ಹತ್ತುತ್ತದೆಯೇ ಎಂದು. ತೊಡೆಯ ಮೇಲೆ ನಿದ್ದೆ ಹೋದ ಮೊಮ್ಮಗಳ ಕೂದಲು ಸರಿಪಡಿಸುತ್ತ ಅವರು ಹೇಳಿದರು:

“ಎಲ್ಲಾರಿಗೂ ಹತ್ತತೈತೋ ಇಲ್ಲೋ ನನಗ ಗೊತ್ತಿಲ್ಲ. ಹತ್ತೂದಿಲ್ಲಂತ ಹೇಳಾಕ ಮಾತ್ರ ನನಗ ಹಕ್ಕ ಇರಲಿಲ್ಲ.”

ಮರುವರ್ಷ ಅವರ ಮಗಳಿಗೆ ಹುಕ್ಕೇರಿಗೆ ವರ್ಗವಾಯಿತು, ಸರ್ ಕೂಡ ಜೊತೆಗೆ ಹೋದರು. ಹೋದ ಹೊಸದರಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದೆವು. ಆಮೇಲೆ ಅವರ ನಂಬರು ಬದಲಾಯಿತು, ನನ್ನದೂ ಬದಲಾಯಿತು. ಅಂಗನವಾಡಿಯ ಮಕ್ಕಳ ಒಂದು ತಂಡ ಹೋಗಿ ಇನ್ನೊಂದು ಬಂತು. ನಾನೊಬ್ಬಳೇ ಪುಸ್ತಕ ತರಿಸಿಕೊಂಡು, ಎಡವುತ್ತ ಏಳುತ್ತ ಇನ್ನೂ ಸ್ವಲ್ಪ ಮುಂದೆ ಹೋದೆ. ಅದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ…

ಮೊನ್ನೆ ಬಸ್ಸಿನಲ್ಲಿ ಆ ವಾಸನೆ ಬಂದದ್ದೇ ನೆಪವಾಯಿತು. ತರಬೇತಿ ಮುಗಿಸಿ, ಹುಕ್ಕೇರಿಯಲ್ಲಿ ಕೇಳುತ್ತ ಕೇಳುತ್ತ ನರ್ಸ್ ಬಾಯಿಯವರ ಮನೆ ಹುಡುಕಿದೆ. ಬಾಗಿಲು ತೆರೆದವಳು ನನ್ನನ್ನು ನೋಡಿದ ಕೂಡಲೇ ಕೈ ಹಿಡಿದುಕೊಂಡಳು.

“ಅಪ್ಪಾ ಹೋಗಿ ವರ್ಷದ ಮ್ಯಾಲಾತ್ರಿ, ಅಕ್ಕೋರ.”

ಒಳಗೆ ಕರೆದು ಕೂರಿಸಿದಳು. ಅವಳೇ ಮಾತಾಡಿದಳು. ಹುಕ್ಕೇರಿಗೆ ಬಂದ ಮೇಲೆ ಸರ್ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿಬಿಡುತ್ತಿದ್ದರಂತೆ. ಹಳೆಯ ವಿದ್ಯಾರ್ಥಿಗಳನ್ನು ನೋಡಿ ಬರುತ್ತೇನೆ ಎನ್ನುತ್ತಿದ್ದರಂತೆ. ದೊಡ್ಡ ದೊಡ್ಡ ಕೆಲಸದಲ್ಲಿರುವವರನ್ನು ನೋಡಲು ಹೋಗುತ್ತಾರೆಂದು ಅವಳು ತಿಳಿದಿದ್ದಳು. ಅವರ ಮಂಡಿನೋವು ಹೆಚ್ಚಾದಾಗ ಒಂದು ದಿನ ಜೊತೆಗೆ ಹೋದಳು. ಸಂಕೇಶ್ವರದ ಒಂದು ಗ್ಯಾರೇಜಿನ ಮುಂದೆ ಇಳಿದರು. ಟ್ರ್ಯಾಕ್ಟರಿನ ಅಡಿಯಿಂದ ಒಬ್ಬ ನಡುವಯಸ್ಸಿನವನು ಕೈ ಒರೆಸಿಕೊಳ್ಳುತ್ತ ಹೊರಬಂದ. ಅವನ ಎದುರು ಇವರು ನಿಂತುಕೊಂಡೇ ಹೇಳಿದರಂತೆ:

“ನಿನಗ ಗಣಿತ ಬರೂದಿಲ್ಲಂತ ನಾ ಹೇಳಿದ್ದೆ. ಸರಿಯಾಗಿ ನೋಡಲಾರದ ಹೇಳಿದ್ದೆ. ಮನಸ್ಸಿದ್ರ ಹೇಳು, ಬಂದು ಕುಂದರತೇನಿ.”

ಅವನು ನಾಚಿ ನಕ್ಕು, ಸ್ಟೂಲು ಹಾಕಿ ಚಹಾ ತರಿಸಿದನಂತೆ. ಇನ್ನೇನು ಸರ, ಮುಗೀತಲ್ಲ ಎಂದನಂತೆ. ಒಂದು ವಾರದ ಮೇಲೆ ಅವನೇ ಫೋನ್ ಮಾಡಿದ. ಹೀಗೇ ಎಷ್ಟೋ ಮನೆಗಳಿಗೆ ಹೋದರು. ಕೆಲವರಿಗೆ ಅವರ ಗುರುತೇ ಇರಲಿಲ್ಲ. ಒಬ್ಬಾಕೆ ಮಾತು ಪೂರ್ತಿ ಕೇಳಿಸಿಕೊಂಡು, ಬಾಗಿಲು ಹಾಕಿಕೊಂಡಳಂತೆ. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಆಕೀದು ಖರೆ ಐತಿ ಎಂದರಂತೆ. ಮಾರನೆಯ ದಿನ ಮತ್ತೆ ಬಸ್ಸು ಹತ್ತಿದರು.

ಯಾರು ಯಾರು ಕಲಿತರು ಎಂದು ಕೇಳಿದೆ.

“ನಮಗೂ ಗೊತ್ತಿಲ್ರಿ. ಅಪ್ಪನ ಮಣ್ಣಿಗೆ ಬಂದವರಾಗ ಗುರುತಿಲ್ಲದವರು ಬಾಳ ಮಂದಿ ಇದ್ರು. ಅವರಿಗೂ ಒಬ್ಬರ ಗುರುತು ಒಬ್ಬರಿಗಿರಲಿಲ್ಲ. ನಿಂತು ನೋಡಿ ಹೋದ್ರು.”

ಸರ್ ಮತ್ತೆ ಕಲಿಸಿದ್ದು ನನಗೊಬ್ಬಳಿಗೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆ ವಯಸ್ಸಿನಲ್ಲಿ, ಆ ಮಂಡಿಗಳನ್ನು ಎಳೆದುಕೊಂಡು, ಒಬ್ಬೊಬ್ಬರ ಬಾಗಿಲಿಗೂ ಹೋಗಿ ನಿಂತ ಆ ಮನುಷ್ಯ ನನ್ನ ಕಣ್ಣಿಗೆ ಕಟ್ಟಿದರು. ನಾನು ಕೈ ಮುಗಿದೆ, ಯಾರ ಎದುರಿಗೆಂದು ಗೊತ್ತಿಲ್ಲದೆ. ಗೋಕಾಕದ ಬದಿಗೆ, ಮೂಡಲಗಿಯ ಬದಿಗೆ, ಈ ಹುಕ್ಕೇರಿಯ ಹಳ್ಳಿಗಳಲ್ಲಿ ಎಲ್ಲೆಲ್ಲೋ ಗ್ವಾಡಿ ಬಾಜೂ ಕುಂತ ನಮ್ಮವರು ಇದ್ದಾರೆ. ದಾರಿಯಲ್ಲಿ ಎದುರಾದರೂ ಗುರುತು ಹತ್ತುವುದಿಲ್ಲ. ನಮ್ಮೆಲ್ಲರ ಗುರುತು ಇದ್ದವರು ಅವರೊಬ್ಬರೇ. ಈಗ ಅವರಿಲ್ಲ.