ಕರ್ತ ಬರುವ ಮುಂಚೆ ಮಾಳಿಗೆಯ ಮಣ್ಣು

ನಿಜಾಮರ ಆಡಳಿತದ ಕೊನೆಯ ವರ್ಷಗಳಲ್ಲಿ ನಾನು ಶಹಾಪುರದ ಒಂದು ಮಿಷನ್ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಗಲಭೆಯ ಸುದ್ದಿ ಕೇಳಿದಾಗಲೆಲ್ಲ ಪೇಟೆಯವರು ‘ಕಯಾಮತ್ ಬಂತು, ಲೋಕ ಮುಗೀತು’ ಅನ್ನುತ್ತಿದ್ದರು. ನಮ್ಮ ಉಪದೇಶಿಯೂ ಭಾನುವಾರದ ಆರಾಧನೆಯಲ್ಲಿ, ಸತ್ತವರನ್ನು ಎಬ್ಬಿಸಲು ಕರ್ತನು ಮರಳಿ ಬರುವ ಕಾಲ ಹತ್ತಿರವಾಯಿತು ಎಂದೇ ಸಾರುತ್ತಿದ್ದರು. ಆ ಬೇಸಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ನನಗೆ ಆ ಮಾತು ಹಿತವಾಗಿತ್ತು. ಅವಳನ್ನು ಬೇಗ ನೋಡಬಹುದು, ಅಲ್ಲಿಯವರೆಗೆ ಶಾಲೆ ಯಾಕೆ ಎಂದುಕೊಂಡು, ರಜೆ ಮುಗಿದರೂ ಬಾಗಿಲು ತೆರೆಯಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಉಪದೇಶಿ ಶಾಲೆಯ ಮಣ್ಣಿನ ಮಾಳಿಗೆ ಹತ್ತಿ, ಮಳೆಗಾಲದಲ್ಲಿ ಸೋರದಿರಲೆಂದು ಹೊಸ ಮಣ್ಣು ಹರಡಿ ತುಳಿಯುತ್ತಿದ್ದರು.

“ಕರ್ತ ಬರೋದು ಹತ್ತಿರ ಅಂತೀರಿ. ಮತ್ತ ಮಾಳಿಗಿಗೆ ಮಣ್ಣ ಯಾಕ್ರಿ?” ಎಂದೆ.

“ಬೀಗರು ಬರ್ತಾರಂತ ಗೊತ್ತಾದ್ರ ಮನಿ ಸಾರಸ್ತೀರೋ, ಹಂಗ ಬಿಡ್ತೀರೋ ಮಾಸ್ತರ?”

“ಸಾರಸ್ತೀವ್ರಿ.”

“ಮತ್ತ? ಆತ ಬಂದು ‘ನನ್ನ ಹುಡುಗರು ಎಲ್ಲಿ ಕುಂತಾರ?’ ಅಂದ್ರ ಏನ್ ಹೇಳ್ಲಿ? ಮಾಸ್ತರಗ ದುಃಖ ಆಗ್ಯದ, ಹುಡುಗರು ಮಳ್ಯಾಗ ಕುಂತಾರ ಅನ್ಲೇನು? ಏರ್ರಿ ಮ್ಯಾಲ.”

ಏರಿದೆ. ತುಳಿಯುತ್ತ ತುಳಿಯುತ್ತ ಅಳು ಬಂತು. ಅವರು ಆ ಕಡೆ ತಿರುಗಿ ತಮ್ಮ ಕೆಲಸ ಮುಂದುವರಿಸಿದರು.

ಮೊದಲ ಮಳೆ ಬಂದ ದಿನ ಶಾಲೆಯಲ್ಲಿ ಪಾಠ ನಡೆದಿತ್ತು. ನಾನು ತುಳಿದಿದ್ದ ಮೂಲೆ ಮಾತ್ರ, ಅದೂ ಸರಿಯಾಗಿ ನನ್ನ ಕುರ್ಚಿಯ ಮೇಲೆಯೇ, ಸೋರತೊಡಗಿತು. ಹುಡುಗರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಉಪದೇಶಿ ತಲೆಯೆತ್ತಿ ನೋಡಿ ಅಂದರು:

“ಇದು ಅಂತ್ಯಕಾಲದ ಗುರುತಲ್ಲ ಮಾಸ್ತರ. ನೀವು ಸರಿಯಾಗಿ ತುಳಿದಿಲ್ಲ, ಅಷ್ಟ.”