ಒತ್ತುವ ಮೇಜಿನವರು

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಯಾವ ಕ್ಯಾಮೆರಾ ಕೊಟ್ಟರೂ ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಎಡಗಿವಿಗೆ ಹಿಡಿದು, ಆ ಹೆಬ್ಬೆರಳಿನಿಂದ ಒತ್ತಿ, ಶಬ್ದ ಕೇಳುತ್ತಿದ್ದರು. "ಸ್ಪ್ರಿಂಗು ಕೆಡೋ ಮುಂಚೆ ಕೆಮ್ತದೆ" ಎನ್ನುತ್ತಿದ್ದರು.

ಮಗ್ಗೆ ಊರಿನಲ್ಲಿ ಅವರು ನನ್ನ ನೆರೆಯವರು. ಪ್ರಾಯವನ್ನೆಲ್ಲ ಅಗ್ಗದ ಕ್ಯಾಮೆರಾ ತಯಾರಿಸುವ ಕಾರ್ಖಾನೆಯಲ್ಲಿ ಕಳೆದು ಬಂದಿದ್ದರು. ಮೊದಲು ತಗಡಿನ ಪೆಟ್ಟಿಗೆ ಮಾಡುತ್ತಿದ್ದರಂತೆ, ಆಮೇಲೆ ಕರಿ ಪ್ಲಾಸ್ಟಿಕ್ಕಿನದು. ಒಂದು ಗಾಜು, ಒಂದು ಸ್ಪ್ರಿಂಗು, ರೋಲಿಗೆ ಹನ್ನೆರಡು ಚಿತ್ರ. "ಎಸ್ಟೇಟ್ ಧಣಿಗಳಿಗಲ್ಲ ಕಣ್ರೀ, ತೋಟದ ಲೆಕ್ಕ ಬರೆಯೋ ರೈಟರಿಗೆ, ಮೇಷ್ಟ್ರಿಗೆ ಅಂತ ಮಾಡಿದ್ದು." ಫ್ಲ್ಯಾಶ್ ಇರುವ ಪುಟ್ಟ ಕ್ಯಾಮೆರಾಗಳು ಬಂದ ಮೇಲೆ ಕೇಳುವವರಿಲ್ಲದೆ ಕಾರ್ಖಾನೆ ಮುಚ್ಚಿತು.

ಎಡಕುಮೇರಿಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದಾಗ ನಾನು ಕೊಂಡ ಅಂಥದೇ ಒಂದು ಕ್ಯಾಮೆರಾ ಬೀರುವಿನಲ್ಲಿ ಕೆಟ್ಟು ಕೂತಿತ್ತು. ರಿಪೇರಿಗೆಂದು ಬಿಚ್ಚಿದ ಅವರು ಒಳಗಿದ್ದ ಸಣ್ಣ ಗೀರು ತೋರಿಸಿದರು.

"ನನ್ನ ಗುರ್ತು! ಇದು ನನ್ನ ಕಿವಿ ದಾಟಿ ಹೋದ ಮಾಲು ಮಾರಾಯ್ರೇ!"

ಅಂದಿನಿಂದ ಅವರಿಗೊಂದು ಹಟ. ಅಷ್ಟು ಕ್ಯಾಮೆರಾ ಮಾಡಿದವರ ಮನೆಯಲ್ಲಿ, ಆಧಾರ್ ಕಾರ್ಡಿನದು ಬಿಟ್ಟರೆ, ಹೆಂಡತಿಯ ಒಂದು ಚಿತ್ರವಿರಲಿಲ್ಲ. ಆಕೆಗೆ ಆಗಲೇ ಉಸಿರಿನ ಕಾಯಿಲೆ. ಮೊಬೈಲು ಬೇಡ, ತಾವು ಮಾಡಿದ್ದರಲ್ಲೇ ಆಗಬೇಕೆಂದು ನನ್ನ ಕ್ಯಾಮೆರಾ ಸರಿಮಾಡಿ, ಬೆಂಗಳೂರಿನಿಂದ ರೋಲ್ ತರಿಸಿದರು.

ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಆಕೆ ಅಂಗಳದ ಬೆಂಚಿನ ಬಲತುದಿಯಲ್ಲಿ ಕೂತರು. ಇಬ್ಬರೂ ಒಟ್ಟಿಗೆ ಕೂರಿ, ನಾನು ತೆಗೆಯುತ್ತೇನೆ ಎಂದೆ.

"ಅಯ್ಯೋ, ನಾನೊಲ್ಲೆ ಕಣಣ್ಣ, ನಾಚ್ಕೆ. ಮದ್ವೇಲೇ ಇವ್ರ ಪಕ್ಕ ತಲೆ ಎತ್ತಿಲ್ಲ."

"ಈಗ್ಲಾದ್ರೂ ಎತ್ತು ಮಾರಾಯ್ತಿ!" ಎಂದರು ಗಂಡ.

"ನಿಮ್ಮ ಮಕ ನೋಡಾಕಾ?"

ಅವರು ಆಕೆಯ ಚಿತ್ರ ತೆಗೆದು ಕ್ಯಾಮೆರಾ ನನಗೆ ಕೊಟ್ಟರು. ಆಕೆ ಎದ್ದು ಹೋದ ಮೇಲೆ ಬೆಂಚಿನ ಎಡತುದಿಯಲ್ಲಿ ಕೂತರು. ಅವರು ನಿಂತಿದ್ದ ಜಾಗದಲ್ಲೇ ನಿಂತು ನಾನು ಒತ್ತಿದೆ.

ಹದಿನೈದು ದಿನಕ್ಕೆ ಆಕೆ ತೀರಿಕೊಂಡರು. ಉಳಿದ ಚಿತ್ರ ತೆಗೆಯಲು ಮನಸ್ಸು ಬಾರದೆ ಅವರು ರೋಲನ್ನು ಹಾಗೇ ತೊಳೆಯಲು ಕಳಿಸಿದರು. ಎರಡು ಚಿತ್ರ ಇರಬೇಕಾದಲ್ಲಿ ಒಂದೇ ಬಂತು. ಪ್ರತಿ ಸಲ ಒತ್ತಿದ ಮೇಲೆ ಗುಂಡಿ ತಿರುಗಿಸಿ ಫಿಲ್ಮನ್ನು ಮುಂದಕ್ಕೆ ಸುತ್ತಬೇಕು, ಇಲ್ಲದಿದ್ದರೆ ಎರಡು ಚಿತ್ರ ಒಂದರ ಮೇಲೊಂದು ಬೀಳುತ್ತವೆ. ನಾವು ಸುತ್ತಿರಲಿಲ್ಲ. ಮುಂದಿನ ಸ್ಟೇಷನ್ನಿನವರ ಬಾಯಿಂದ ಲೈನ್ ಕ್ಲಿಯರ್ ಎಂದು ಕೇಳದೆ ಒಂದು ಗಾಡಿಯನ್ನೂ ಬಿಡದವನು ನಾನು. ಅವತ್ತು "ಸುತ್ತಿದಿರಾ?" ಎಂದು ಕೇಳಲಿಲ್ಲ. ತಪ್ಪೊಪ್ಪಿಕೊಳ್ಳಲು ಅವರ ಮನೆಗೆ ಹೋದೆ.

"ಕಾರ್ಖಾನೇಲಿ ನನ್ನ ಮೇಜಿಂದು ಒತ್ತೋದಷ್ಟೇ ಮಾಸ್ಟ್ರೇ. ಸುತ್ತಿ ನೋಡೋದು ಪಕ್ಕದ ಮೇಜಿನೋರ್ದು. ಕೈ ಹಳೇ ಕೆಲ್ಸ ಮಾಡ್ಬುಡ್ತು," ಎಂದು ಚಿತ್ರವನ್ನು ನನ್ನ ಮುಂದೆ ಹಿಡಿದರು.

ಬೆಂಚಿನ ಬಲಕ್ಕೆ ಆಕೆ, ಎಡಕ್ಕೆ ಅವರು. ಇಬ್ಬರ ಮೈಯೊಳಗಿಂದಲೂ ಬೆಂಚಿನ ಹಲಗೆ ತೆಳ್ಳಗೆ ಕಾಣುತ್ತಿತ್ತು. ಆಕೆ ತಲೆ ಎತ್ತಿದ್ದರು.

"ಪಕ್ಕ ಕೂರಲ್ಲ ಅಂದಿದ್ಲಲ್ಲ... ನೋಡಿ, ಕೂತವ್ಳೆ."

ಕಳೆದ ವರ್ಷ ಅವರೂ ಹೋದರು. ತಿಂಗಳ ಮೊದಲ ದಿನ ಕ್ಯಾಮೆರಾ ಒರೆಸಿ, ಎಡಗಿವಿಗೆ ಹಿಡಿದು ಒತ್ತುತ್ತೇನೆ. ಇನ್ನೂ ಕೆಮ್ಮಿಲ್ಲ. ಒಳಗೆ ಫಿಲ್ಮ್ ಇಲ್ಲ. ಆದರೂ ಒತ್ತಿದ ಮೇಲೆ ಮರೆಯದೆ ಸುತ್ತಿ ಇಡುತ್ತೇನೆ. ಪಕ್ಕದ ಮೇಜು ನನ್ನದು.