ಎರಡು ಶಾಲುಗಳ ಕೆಳಗಿನ ಮೌನ

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಸದಾ ಕೆಲವು ಹೊಸ ಶಾಲುಗಳಿರುತ್ತವೆ. ನನಗೆ ಸಂದ ಸನ್ಮಾನಗಳೆಂದು ಭಾವಿಸಿ ಗಾಬರಿಯಾಗಬೇಡಿ. ಚಿಕ್ಕಲಸಂದ್ರದ ನಮ್ಮ ಬಡಾವಣೆಯ ಸಂಘಕ್ಕೆ ನಾನು ಕಾರ್ಯದರ್ಶಿಯಾದ್ದರಿಂದ, ಶಾಲುಗಳ ದಾಸ್ತಾನೂ ಸಭಾಂಗಣದ ಬೀಗದ ಕೈಯೂ ನನ್ನ ಪಾಲಿಗೆ ಬಂದಿವೆ. ಊಟಕ್ಕೆ ಮೊದಲು ಎಲೆಯ ತುದಿಗೆ ಉಪ್ಪು ಬಡಿಸುವ ಹಾಗೆ, ಮಾತಿಗೆ ಮೊದಲು ಮಾತುಗಾರರಿಗೆ ಶಾಲು ಹೊದಿಸುವುದು ನಮ್ಮಲ್ಲಿ ಬಿಡಲಾರದ ಪದ್ಧತಿ. ಹೊದ್ದವರು ಆಮೇಲೆ ಹೊದಿಸಿದವರಿಗೆ ಬೇಸರವಾಗುವ ಮಾತನ್ನು ಆಡುವುದಿಲ್ಲ. ಪದ್ಧತಿಯ ಮರ್ಮವೇ ಅದಿರಬಹುದೇನೋ ಎಂದು ಈಚೆಗೆ ನನಗೆ ಅನುಮಾನ.

ನಮ್ಮ ಸಭಾಂಗಣದಲ್ಲಿ ಸಂಜೆ ಹೊತ್ತು ಸುಜಾತ ಮೇಡಂ ಹತ್ತನೇ ತರಗತಿಯ ಮಕ್ಕಳಿಗೆ ಬಿಟ್ಟಿಯಾಗಿ ಗಣಿತ ಹೇಳಿಕೊಡುತ್ತಾರೆ. ಬಡಾವಣೆ ಹುಟ್ಟುವ ಮೊದಲೇ ಇಲ್ಲಿದ್ದ ಹಳೇ ಊರಿನ ಬೌದ್ಧ ಮನೆತನದವರು, ನಿವೃತ್ತ ಶಿಕ್ಷಕಿ. ಬರುವ ಮಕ್ಕಳೆಲ್ಲ ಆಟೋ ಓಡಿಸುವವರ, ಮನೆಗೆಲಸದವರ ಮಕ್ಕಳು. ಚುನಾವಣೆಯ ಬಿಸಿಯಲ್ಲಿ, ಮೇಡಂ ಯಾವುದೋ ಪಕ್ಷದ ಸಭೆಯಲ್ಲಿ ಕೂತಿದ್ದ ಫೋಟೋವನ್ನು ಯಾರೋ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಒಂದು ಬಣ, ಮಕ್ಕಳ ತಲೆ ಕೆಡುತ್ತದೆ, ಸಭಾಂಗಣಕ್ಕೆ ಬೀಗ ಹಾಕಿ ಪಾಠ ನಿಲ್ಲಿಸಿ ಎಂದಿತು. ಇನ್ನೊಂದು ಬಣ, ಮೇಡಂ ಕರೆಯದಿದ್ದರೂ ಅವರ ರಕ್ಷಣೆಗೆ ಧಾವಿಸಿ, ಸಭಾಂಗಣದೊಳಗೇ ಬಾವುಟ ಕಟ್ಟಿ ಧರಣಿ ಕೂರುತ್ತೇವೆ ಎಂದಿತು. ಬೀಗ ಬಿದ್ದರೂ ಪಾಠವಿಲ್ಲ, ಧರಣಿ ಕೂತರೂ ಪಾಠವಿಲ್ಲ. ಪರೀಕ್ಷೆಯೋ ಬಾಗಿಲಿಗೆ ಬಂದಿತ್ತು.

ಆಗ ನಮಗೆ ನೆನಪಾದವರು ಪಕ್ಕದ ರಸ್ತೆಯ ಮೇಷ್ಟ್ರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸಿ ನಿವೃತ್ತರಾದವರು, ಸಂಯಮದ ಬಗ್ಗೆ ಪತ್ರಿಕೆಗಳಿಗೆ ಬರೆಯುವವರು, ಕಂಡರೆ ಎರಡೂ ಬಣದವರು ಎದ್ದು ನಿಲ್ಲುವಂಥ ಘನತೆಯವರು. ಅವರು ಹೇಳಿದಂತೆ ಕೇಳುವುದೆಂದು ಎಲ್ಲರೂ ಒಪ್ಪಿದರು. ಒಪ್ಪಿದವರು ಸುಮ್ಮನಿರಬೇಕಲ್ಲ? ಭಾನುವಾರದ ಸಭೆಯಲ್ಲಿ ತೀರ್ಪಿಗೆ ಮೊದಲೇ ಸನ್ಮಾನವಿಟ್ಟುಕೊಂಡರು. ಒಂದು ಬಣ ಶಾಲು ಹೊದಿಸಿತು. ಇನ್ನೊಂದು ಬಿಟ್ಟೀತೇ, ಅದರ ಮೇಲೆ ಮತ್ತೊಂದು. ಆ ಸೆಖೆಯಲ್ಲಿ ಎರಡು ಶಾಲುಗಳ ಕೆಳಗೆ ಬೆವರುತ್ತಾ ಮೇಷ್ಟ್ರು ಪ್ರಜಾಪ್ರಭುತ್ವ, ಸಹನೆ, ನಡುದಾರಿ ಎಂದು ಜೇನು ಸುರಿದ ಹಾಗೆ ಮಾತಾಡಿದರು. ಎರಡೂ ಕಡೆ ಸತ್ಯದ ಅಂಶವಿದೆ ಎಂದರು. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಸುಜಾತ ಮೇಡಂ ಎದ್ದರು. "ಸಾರ್, ನಾಳೆ ಕ್ಲಾಸ್ ಇದ್ಯೋ ಇಲ್ವೋ, ಅದೊಂದು ಹೇಳ್ಬಿಡಿ. ಮಕ್ಳು ಕಾಯ್ತಿರ್ತಾವೆ."

"ಅದು ಅಷ್ಟು ಸರಳವಾದ ಪ್ರಶ್ನೆ ಅಲ್ಲಮ್ಮ."

"ಸರಳಾನೇ ಸಾರ್. ಬೀಗ ತೆಗೀಬೇಕು, ಅಷ್ಟೆ."

ಮೇಷ್ಟ್ರು ಮುಗುಳ್ನಕ್ಕು, "ಕಾಲವೇ ಉತ್ತರ ಕೊಡುತ್ತೆ" ಎಂದು ಕೂತರು.

"ಹಂಗಿದ್ರೆ ಕಾಲಕ್ಕೇ ಶಾಲು ಹೊದಿಸ್ಬೋದಿತ್ತಲ್ಲ ಗುರು" ಎಂದು ಯಾರೋ ಗೊಣಗಿದರು.

ನಿಜ ಹೇಳುತ್ತೇನೆ, ಕೂಗಾಡುವವರ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಕೂಗುವುದು ಅವರ ಕಸುಬು. ನಾನೂ ನಡುದಾರಿಯವನೇ. ಆದ್ದರಿಂದಲೇ ಆ ದಾರಿಯನ್ನು ಯಾರಾದರೂ ಮಲಗುವ ಜಗುಲಿ ಮಾಡಿಕೊಂಡರೆ ಮೈ ಉರಿಯುತ್ತದೆ. ತರಕಾರಿ ಮಾರುತ್ತಿದ್ದ ನಮ್ಮಜ್ಜಿ ತಕ್ಕಡಿ ತೋರಿಸಿ ಹೇಳುತ್ತಿದ್ದರು: "ಮುಳ್ಳು ಮಧ್ಯದಲ್ಲಿರೋದು ಅಲ್ಲಾಡ್ದೆ ಇರಕ್ಕಲ್ಲ ಕಣೋ, ಭಾರ ಎತ್ಲಾಗೈತೆ ಅಂತ ತೋರ್ಸಕ್ಕೆ." ಓದಿದವರಿಗೆ ಊರು ಮರ್ಯಾದೆ ಕೊಡುವುದು, ಒಂದಲ್ಲ ಒಂದು ದಿನ ಅದನ್ನು ಕಳೆದುಕೊಳ್ಳುವ ಧೈರ್ಯ ಅವರು ಮಾಡಲಿ ಎಂದು, ನುಸಿಗುಳಿಗೆ ಹಾಕಿ ಮಡಿಸಿಟ್ಟುಕೊಳ್ಳಲಿ ಎಂದಲ್ಲ. ಸಂಯಮಕ್ಕೆ ದನಿ ತಗ್ಗಿರಬೇಕು, ಒಪ್ಪೋಣ; ದನಿಯೇ ಇರಬಾರದೆಂದು ಯಾರು ಹೇಳಿದರು?

ಕೊನೆಗೆ ನಾನೇ ಎದ್ದು, "ನಾಳೆ ಪಾಠ ಇರುತ್ತೆ ಮೇಡಂ. ಬಾವುಟ ಯಾವ್ದೂ ಇರಲ್ಲ" ಎಂದೆ. ಒಂದು ಬಣ ನನ್ನನ್ನು ಆ ಕಡೆಯವನೆಂದಿತು, ಇನ್ನೊಂದು ಈ ಕಡೆಯವನೆಂದಿತು. ಚಪ್ಪಾಳೆಯಂತೂ ಬೀಳಲಿಲ್ಲ.

ಸೋಮವಾರ ಸಂಜೆ ಪಾಠ ನಡೆಯುತ್ತಿರುವಾಗ, ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ನನಗೆ ಮೇಷ್ಟ್ರ ಫೋನು ಬಂತು. "ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರೀ. ನನ್ನ ಮನಸ್ಸಲ್ಲಿದ್ದದ್ದೂ ಅದೇ."

"ಅದನ್ನೇ ಗ್ರೂಪಲ್ಲಿ ಹಾಕ್ಬಿಡಿ ಮೇಷ್ಟ್ರೇ. ಮೇಡಂಗೆ ಇನ್ನೂ ಬೈತಾನೇ ಇದಾರೆ. ನನ್ ಮಾತು ಯಾರ್ ಕೇಳ್ತಾರೆ, ನೀವಂದ್ರೆ ನಿಲ್ಸ್ತಾರೆ."

"ಹಾಕ್ತೀನಿ, ಹಾಕ್ತೀನಿ."

ಗ್ರೂಪು ತೆರೆದು ಕೂತೆ. ಮೇಷ್ಟ್ರು ಏನೋ ಬರೆಯುತ್ತಿದ್ದಾರೆಂದು ಫೋನು ತೋರಿಸಿತು, ನಿಂತಿತು, ಮತ್ತೆ ಬರೆಯುತ್ತಿದ್ದಾರೆಂದಿತು. ಬಹಳ ಹೊತ್ತಿನ ಮೇಲೆ ಬಂದದ್ದು, ಜೋಡಿಸಿದ ಎರಡು ಕೈಗಳ ಪುಟ್ಟ ಚಿತ್ರ. ಅದರ ಕೆಳಗೆ ಎರಡೂ ಬಣದವರು ಪೈಪೋಟಿಯ ಮೇಲೆ "ಥ್ಯಾಂಕ್ಯೂ ಸಾರ್" ಎಂದರು.

"ಏನ್ ಬರೆದ್ರು ಸಾರ್?" ಎಂದು ಮೇಡಂ ಬೋರ್ಡಿನ ಬಳಿಯಿಂದ ಕೇಳಿದರು.

"ನಮಸ್ಕಾರ ಹಾಕಿದಾರೆ ಮೇಡಂ."

"ಯಾರಿಗೆ?"

ಉತ್ತರಕ್ಕೆ ಅವರು ಕಾಯಲಿಲ್ಲ. ಮಕ್ಕಳ ಕಡೆ ತಿರುಗಿ, "ಹ್ಞೂಂ, ಮುಂದಿನ ಲೆಕ್ಕ ಓದ್ರೋ" ಎಂದರು.